ಧಾರೆಯ ಹೊತ್ತಿಗೆ ಕೊಳೆತ ಶುಂಠಿ

ತಮ್ಮ ಪ್ರದೀಪನ ಮದುವೆಗೆ ವಿಡಿಯೊದವನು ಬೇಡವೆಂದು ತಡೆದವಳು ನಾನೇ. ಫೋನಿನಲ್ಲಿ ಹಿಡಿದು, ಲ್ಯಾಪ್‌ಟಾಪಿನಲ್ಲಿ ಕತ್ತರಿಸಿ ಜೋಡಿಸುವುದು ಅದೇನು ಮಹಾ ವಿದ್ಯೆ! ಮದುವೆಗೆ ಮುಂಚೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡ ಅಮ್ಮ, ಕುಶಾಲನಗರದ ಆಸ್ಪತ್ರೆಯಲ್ಲೇ ಮಲಗಿದ್ದಳು. ಇದ್ದೊಬ್ಬ ಮಗನ ಧಾರೆ ನೋಡಲಾಗಲಿಲ್ಲ. "ನೀನು ತೋರಿಸ್ತೀಯಲ್ಲ, ಸಾಕು ಕಣವ್ವ" ಎಂದಿದ್ದಳು.

ವಿಡಿಯೊಗಳನ್ನೆಲ್ಲ ಎಡಿಟಿಂಗ್ ಸಾಫ್ಟ್‌ವೇರಿಗೆ ಎಳೆದು ಹಾಕಿ ಚೆಂದವಾಗಿ ಜೋಡಿಸಿದೆ. ನಮ್ಮದು ಶುಂಠಿ ಬೆಳೆಯುವ ಮನೆ. ಮಾಲು ಲಾರಿ ಹತ್ತಿದ ಮೇಲೆ ಅಂಗಳ ಗುಡಿಸಿ ತೊಳೆಯುವುದು ನನ್ನ ಶಿಸ್ತು. ವಿಡಿಯೊ ಸಾಫ್ಟ್‌ವೇರ್ ಹತ್ತಿತಲ್ಲ! ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಉಳಿದಿದ್ದ ಮದುವೆಯ ವಿಡಿಯೊಗಳನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ.

ಮಾರನೆಯ ದಿನ ತೆರೆದರೆ ಪರದೆಯೆಲ್ಲ ಕೆಂಪು! 'ಫೈಲು ಸಿಗುತ್ತಿಲ್ಲ, ಎಲ್ಲಿದೆ ತೋರಿಸಿ' ಅಂತೆ. ಮೈಯೆಲ್ಲ ಉರಿದುಹೋಯಿತು. ನಿನ್ನೆ ಕೈಯಾರೆ ಕೊಟ್ಟದ್ದನ್ನು ಇವತ್ತು ನನ್ನನ್ನೇ ಕೇಳುತ್ತದಲ್ಲ, ದರಿದ್ರದ್ದು!

"ತೋರ್ಸು ಅಂತಿದೆಯಲ್ಲ, ತೋರ್ಸು" ಎಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ.

"ನೀವು ಬಾಯಿ ಮುಚ್ಕೊಂಡಿರಿ!"

ಸಿಟ್ಟಿನಲ್ಲಿ ಕಣ್ಣಿಗೆ ಬಿದ್ದ ಫೋಲ್ಡರನ್ನು ಒತ್ತಿದೆ. ಅದರಲ್ಲಿದ್ದ ವಿಡಿಯೊಗಳಿಗೂ, ಮದುವೆಯ ವಿಡಿಯೊಗಳಿಗೂ ಒಂದು, ಎರಡು, ಮೂರು ಎಂದೇ ನಾನು ಹೆಸರಿಟ್ಟಿದ್ದೆ. ಹೆಸರು ಸರಿಹೋಯಿತು, ಕೆಂಪು ಮಾಯವಾಯಿತು. ಗದರಿದರೆ ಯಂತ್ರವೂ ದಾರಿಗೆ ಬರುತ್ತದೆ ಎಂದು ಬೀಗಿದೆ. ಮತ್ತೆ ಹಾಕಿ ನೋಡುವ ತಾಳ್ಮೆ ಯಾರಿಗಿತ್ತು!

ಭಾನುವಾರ ತವರಿನಲ್ಲಿ ನೆಂಟರೆಲ್ಲ ಸೇರಿದರು. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಅಮ್ಮ ಹೊಸ ಸೀರೆ ಉಟ್ಟು, ಪಟ್ಟಿ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಟಿವಿ ಮುಂದೆ ಕುಳಿತಳು. ನಾನು ಬೇರೆಯಾಗಿ ಸೇರಿಸಿದ್ದ ಗಟ್ಟಿಮೇಳ ಮೊಳಗಿತು. ಅಮ್ಮ ಕೈಮುಗಿದಳು. ಪರದೆಯ ಮೇಲೆ ನಮ್ಮ ಯಜಮಾನರು ಲುಂಗಿ ಎತ್ತಿ ಕಟ್ಟಿ, ಶುಂಠಿ ಬುಡ ಕಿತ್ತು ಹಿಡಿದಿದ್ದರು!

"ನೋಡಿ ಸಾರ್, ಪೂರ್ತಿ ಕೊಳ್ತೋಗದೆ!"

ಬೆಳೆಯ ರೋಗ ತೋರಿಸಲು ಔಷಧಿ ಅಂಗಡಿಯವರಿಗೆ ಕಳಿಸಿದ್ದ ವಿಡಿಯೊ!

"ಪ್ರದೀಪ ಎಲ್ಲವ್ವ?" ಎಂದಳು ಅಮ್ಮ.

ಪ್ರದೀಪ ತಲೆ ಚಚ್ಚಿಕೊಂಡ. "ಅಕ್ಕಾ, ಆ ಸಾಫ್ಟ್‌ವೇರು ವಿಡಿಯೊ ಇಟ್ಕೊಳ್ಳಲ್ಲ. ಎಲ್ಲಿದೆ ಅನ್ನೋದನ್ನ ಮಾತ್ರ ನೆನಪಿಟ್ಕೊಳ್ಳುತ್ತೆ. ಅಳಿಸಿಬಿಟ್ಯಾ?"

ಸಾಫ್ಟ್‌ವೇರಿಗೆ ಬೈದೆ. ಅದನ್ನು ಮಾಡಿದವರಿಗೆ ಬೈದೆ. ಯಜಮಾನರ ಲುಂಗಿಗೂ ಬೈದೆ. ಅಮ್ಮ ಮಾತ್ರ ಬೈಯಲಿಲ್ಲ. "ನನ್ನ ಹಣೇಲಿ ಬರೆದಿಲ್ಲ ಬಿಡು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಭೂಮಿಗೆ ಇಳಿದುಹೋಗುವಂತಾಯಿತು.

ಆಗ ಹೊಸ ಸೊಸೆ ಚೈತ್ರ ಎದ್ದಳು. "ಒಂದ್ನಿಮಿಷ ಇರಿ ಅತ್ತೆ" ಎಂದು ಒಳಗೆ ಹೋಗಿ, ಧಾರೆ ಸೀರೆಯುಟ್ಟು ಬಂದಳು. ಪ್ರದೀಪ ಪಂಚೆಯುಟ್ಟು, ಪೇಟ ಸುತ್ತಿಕೊಂಡು ಅವಳ ಪಕ್ಕ ಕೈ ಚಾಚಿ ನಿಂತ. ಹಾಲಿನ ಚೊಂಬು ಅಮ್ಮನ ಕೈಗೇ ಬಂತು. ಅಮ್ಮನ ಮುಖ ಅರಳಿತು.

ನೆಂಟರೆಲ್ಲ ಫೋನ್ ಎತ್ತಿದರು. ನಾನೂ ಫೋನ್ ಹಿಡಿದು ಮುಂದೆ ನುಗ್ಗಿದೆ.

"ನೀನು ಹತ್ರ ಬರಬೇಡ!" ಅಮ್ಮ ಗುಡುಗಿದಳು. "ಒಳಗ್ಹೋಗಿ ಎಲ್ಲರಿಗೂ ಕಾಫಿ ಕಾಯ್ಸು!"

ಹೊರಗೆ ಹೆಂಗಸರು ಸೋಬಾನೆ ಹೇಳುತ್ತಿದ್ದರು. ನಾನು ಒಲೆಯ ಮುಂದೆ ನಿಂತು ಹಾಲು ಉಕ್ಕದಂತೆ ಕಾಯುತ್ತಿದ್ದೆ. ಈ ಸಲ ಧಾರೆ ನೋಡದವಳು ನಾನೊಬ್ಬಳೇ!