ಅಪ್ಪನ ಕಾನ್‌ಸ್ಟಿಟ್ಯೂಷನ್

ನಾನು ಇಂಗ್ಲಿಷ್ ನಿಘಂಟು ತೆರೆಯುವುದು ಎದುರಾಳಿಯ ಬಾಯಿ ಮುಚ್ಚಿಸುವುದಕ್ಕೆ. ನಡುವೆ ಒಂದೆರಡು ಪದಗಳ ಅರ್ಥ ತಿಳಿದುಬಂದರೆ ಅದು ಲಾಭ. ಕೋಲಾರದ ಹೈಸ್ಕೂಲಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದ ಮೇಷ್ಟ್ರು ಎರಡು ಸೂತ್ರ ಕಲಿಸಿದ್ದರು: ಸಣ್ಣ ಮಾತು ಸಾಕಾಗುವ ಕಡೆಯೂ ದೊಡ್ಡ ಮಾತನ್ನೇ ಹಾಕು, ‘ನಾನು, ನನ್ನ’ ಎಂಬುದನ್ನು ಬಿಟ್ಟು ಲೋಕಕ್ಕೆಲ್ಲ ಅನ್ವಯಿಸುವಂತೆ ಮಾತಾಡು. ದೇವರಿಗೂ ಸಾಕ್ಷಿ ಕೇಳುತ್ತಿದ್ದ ನಾನು ಇವೆರಡನ್ನು ಮಾತ್ರ ಪ್ರಶ್ನಿಸದೆ ನಂಬಿದ್ದೆ.

ಮುಳಬಾಗಿಲಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪನಿಗೆ ಆ ವರ್ಷ ತಿಂದದ್ದು ಅರಗುತ್ತಿರಲಿಲ್ಲ. ಅಮ್ಮ ಕುರುಡುಮಲೆ ಗಣಪತಿಗೆ ಹರಕೆ ಹೊತ್ತಳು. “ಅಷ್ಟು ದೊಡ್ಡ ಹೊಟ್ಟೆ ಇರೋನಿಗೆ ಇನ್ನೊಬ್ಬರ ಅಜೀರ್ಣ ಹೇಗಮ್ಮ ಗೊತ್ತಾಗುತ್ತೆ?” ಎಂದು ನಾನು ವಾದ ಹೂಡಿದೆ. “ಹೊಟ್ಟೆ ಇರೋರಿಗೇ ಕಣೋ ಹೊಟ್ಟೆ ಸಂಕಟ ಗೊತ್ತಾಗೋದು. ನಿನಗಿರೋದು ಬರೀ ಬಾಯಿ” ಎಂದಳು. ಡಾಕ್ಟರು ಮಾತ್ರ ನನ್ನ ರುಚಿಗೆ ತಕ್ಕ ಮಾತಾಡಿದರು: ಶರೀರಪ್ರಕೃತಿ ಕೆಟ್ಟಿದೆ, ಹವಾ ಬದಲಾವಣೆ ಬೇಕು. ವಕ್ಕಲೇರಿಯಲ್ಲಿ ಸೋದರತ್ತೆಯ ಮನೆಯಿತ್ತು, ಅಲ್ಲಿ ಮಜ್ಜಿಗೆ ಯಥೇಚ್ಛ. ಇನ್ನು ಬೇಕಾದದ್ದು ಹದಿನೈದು ದಿನದ ರಜ. ಅರ್ಜಿಯನ್ನು ಇಂಗ್ಲಿಷಿನಲ್ಲಿ ನಾನೇ ಬರೆದೆ. ಹೊಟ್ಟೆ ಎಂಬ ಪದಕ್ಕೆ ಗಾಂಭೀರ್ಯ ಸಾಲದೆಂದು ಶರೀರಪ್ರಕೃತಿಗೆ ‘ಕಾನ್‌ಸ್ಟಿಟ್ಯೂಷನ್’ ಎಂದು ಹಾಕಿದೆ. ಸೂತ್ರದ ಪ್ರಕಾರ ‘ನನ್ನ’ ಎಂಬುದನ್ನು ಬಿಟ್ಟೆ. ಒಟ್ಟು ಅರ್ಥ: ಕಾನ್‌ಸ್ಟಿಟ್ಯೂಷನ್ ಪೂರ್ತಿ ಹದಗೆಟ್ಟಿದೆ, ಕೂಡಲೇ ಬದಲಾವಣೆ ಆಗಬೇಕು, ಅದಕ್ಕೆ ಹದಿನೈದು ದಿನ ಬೇಕು.

ಅದು ಮಹಾರಾಜರ ಆಳ್ವಿಕೆಯಲ್ಲಿ ಜನರಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರ ಬೇಕೆಂದು ಊರೂರಲ್ಲಿ ಮೆರವಣಿಗೆ ಹೊರಡುತ್ತಿದ್ದ ಕಾಲ. ಮೆರವಣಿಗೆಯ ಕಡೆ ತಲೆಹಾಕಿದ ಗುಮಾಸ್ತರ ಕೆಲಸ ಹೋಗುತ್ತದೆ ಎಂದು ಕಚೇರಿಯಲ್ಲೆಲ್ಲ ಪಿಸುಮಾತು. ಅಪ್ಪನ ಪಿಂಚಣಿಗೆ ಇನ್ನು ಎರಡೇ ವರ್ಷ. ಅಪ್ಪ ಕಚೇರಿಯಲ್ಲಿ ಅರ್ಜಿ ಕೊಟ್ಟಾಗ ನಾನು ಬಾಗಿಲಲ್ಲೇ ನಿಂತಿದ್ದೆ, ಹೊಗಳಿಕೆ ಏನಾದರೂ ಬಂದರೆ ಕೇಳಿಸಿಕೊಳ್ಳಲು. ಅಪ್ಪನ ಮೇಲಧಿಕಾರಿ, ತೆಲುಗು ಮನೆಮಾತಿನ ಶಿರಸ್ತೇದಾರರು ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

“ಏಮಯ್ಯಾ ಇದಿ? ಬದಲಾವಣೆ ಆಗಬೇಕು ಅಂತ ನಿಮಗೆ ಯಾರ್ರೀ ಹೇಳಿದ್ದು?”

“ಡಾಕ್ಟರು ಸ್ವಾಮಿ.”

“ಅವರೂ ಸೇರಿದ್ದಾರಾ? ಇನ್ಯಾರಿದ್ದಾರೆ?”

“ನಮ್ಮಕ್ಕ ಇದ್ದಾಳೆ. ವಕ್ಕಲೇರೀಲಿ ಎಲ್ಲಾ ಏರ್ಪಾಟು ಮಾಡಿದ್ದಾಳೆ.”

“ಹದಿನೈದು ದಿನದಲ್ಲಿ ಎಲ್ಲಾ ಬದಲಾಯಿಸಿಬಿಡ್ತೀರೇನ್ರೀ?”

“ದಿನಾ ಮೂರು ಹೊತ್ತು ಮಜ್ಜಿಗೆ ಕುಡಿದರೆ ಆಗುತ್ತೆ ಸ್ವಾಮಿ.”

ಶಿರಸ್ತೇದಾರರ ಮುಖ ಕೆಂಪಾಯಿತು. ಈ ಅರ್ಜಿ ತಾಲ್ಲೂಕಿಗೇ ದೊಡ್ಡವರಾದ ಅಮಲ್ದಾರರಿಗೇ ಹೋಗಬೇಕು ಎಂದು ಎದ್ದರು. ಇಂಥ ಹೊತ್ತಿನಲ್ಲಿ ಸುಮ್ಮನಿರುವ ಮಗ ಯಾರಿಗಾದರೂ ಇದ್ದಾನು, ನಮ್ಮಪ್ಪನಿಗಿರಲಿಲ್ಲ. ಒಳಗೆ ನುಗ್ಗಿದೆ. “ಬರೆದವನು ನಾನು ಸಾರ್. ಕಾನ್‌ಸ್ಟಿಟ್ಯೂಷನ್ ಅಂದರೆ ಮೈಯ ಸ್ಥಿತಿ. ರಾಜ್ಯಕ್ಕೆ ಆ ಮಾತು ಆಮೇಲೆ ಬಂದದ್ದು. ನಮ್ಮ ಕನ್ನಡದಲ್ಲೂ ನೋಡಿ, ರಾಜ್ಯಾಂಗ ಅಂತೀವಿ. ಅದರಲ್ಲೂ ಅಂಗ ಇದೆಯಲ್ಲ!”

“ಅಂದ್ರೆ ಇದು ರಾಜ್ಯಾಂಗವೇ ಅಂತ ಒಪ್ಪಿಕೊಂಡೆ.”

ಸಾವಿರ ಜನರೆದುರು ಸೋಲದವನು ಒಬ್ಬ ಶಿರಸ್ತೇದಾರರಿಗೆ ಸೋತೆ. ಅಷ್ಟರಲ್ಲಿ ಅಪ್ಪ ಎಡಗೈಯಲ್ಲಿ ಹೊಟ್ಟೆ ಒತ್ತಿಕೊಂಡು, ಬಲಗೈಯಲ್ಲಿ ಒಂದು ಚೀಟಿಯ ಮೇಲೆ ಕನ್ನಡದಲ್ಲಿ ಎರಡು ಸಾಲು ಗೀಚಿದರು: ತಿಂದದ್ದು ಅರಗುತ್ತಿಲ್ಲ. ಹದಿನೈದು ದಿನ ರಜ ಬೇಕು.

ಶಿರಸ್ತೇದಾರರು ಓದಿ ಕೂತುಬಿಟ್ಟರು. “ಅಯ್ಯೋ, ಕಡುಪು ನೊಪ್ಪಾ? ಹೊಟ್ಟೆನೋವು ಅಂತ ಮೊದಲೇ ಹೇಳಬಾರದೇನ್ರೀ! ನನಗೂ ಆರು ತಿಂಗಳಿಂದ ಇದೇ ಗೋಳು. ಮಜ್ಜಿಗೆಗೆ ಶುಂಠಿ ಹಾಕ್ತೀರೋ, ಇಂಗೋ?” ನನ್ನ ಇಂಗ್ಲಿಷ್ ಅರ್ಜಿಯನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು. ರಜ ಸಿಕ್ಕಿತು.

ದಾರಿಯಲ್ಲಿ ಅಪ್ಪ ಮುಂದೆ, ನಾನು ಹಿಂದೆ. ನನಗೆ ತಡೆಯಲಾಗಲಿಲ್ಲ. “ನಿಘಂಟಿನಲ್ಲಿ ಮೊದಲು ಬರೋದು ಮೈಯ ಅರ್ಥವೇ ಅಪ್ಪಾ. ತಪ್ಪು ಅವರದು.”

“ಹೂಂ ಕಣೋ, ನೀನು ಹೇಳಿದ್ದೇ ಸರಿ. ಯಾವಾಗಲೂ ಸರಿಯಾಗಿರೋದೇ ನಿನ್ನ ಕಾನ್‌ಸ್ಟಿಟ್ಯೂಷನ್ನು. ಅದಕ್ಕೆ ಮಜ್ಜಿಗೆ ನಾಟೋದಿಲ್ಲ.”

ಮನೆಗೆ ಬಂದವನೇ ನಿಘಂಟು ತೆರೆದೆ. ಮೈಯ ಅರ್ಥ ಮೂರನೆಯದು. ಅಪ್ಪನಿಗೆ ಇನ್ನೂ ಹೇಳಿಲ್ಲ.