ನಕ್ಷತ್ರದ ಪೆಟ್ಟಿಗೆ ಬಿದ್ದ ಹೊಲ ಯಾರದು?

ಜೋರಾಪುರ ಪೇಟೆ, ವಿಜಾಪುರ
೧೧ ಏಪ್ರಿಲ್ ೧೯೭೮

ಆಕಾಶದ ಕ್ಷ-ಕಿರಣಗಳನ್ನು ಬಲೂನಿನಿಂದ ಹಿಡಿಯುವ ವಿಜ್ಞಾನಿ, ಮೂಲತಃ ತಿಕೋಟಾದವರಾದ ಶ್ರೀ ರಾಮಲಿಂಗ ಅವರಿಗೆ ಬಹಿರಂಗವಾಗಿ,

ಮಾನ್ಯರೇ,

ತಮಗೂ ತಮ್ಮ ಯಂತ್ರಗಳಿಗೂ ಸಾವಿರ ಸಲಾಂ. ನಾನು ಬೀಬಿಜಾನ, ದಿವಂಗತ ಲಾಡಲೇಸಾಬ ಇನಾಮದಾರರ ಹೆಂಡತಿ. ಬಬಲೇಶ್ವರದಿಂದ ಕಾಖಂಡಕಿಗೆ ಹೋಗುವ ದಾರಿಯಲ್ಲಿ ಹದಿನೆಂಟು ಎಕರೆ ಎರೆಹೊಲ ನನ್ನ ಹೆಸರಿನಲ್ಲಿದೆ. ಹೈಸ್ಕೂಲು ಓದಿದ್ದೇನೆ. ನನ್ನ ಮೂವರು ಗಂಡುಮಕ್ಕಳು, ಮೂವರು ಸೊಸೆಯರು ನನ್ನನ್ನು ಕೇಳದೆ ಬೀಗರ ಮನೆಯ ಊಟಕ್ಕೂ ಹೋಗುವುದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನನ್ನನ್ನು ಕೇಳದೆ ನನ್ನ ಹೊಲದ ಬಗ್ಗೆ ಕಾಗದ ಬರೆದುಕೊಟ್ಟ ಮೊದಲ ಮನುಷ್ಯ ತಾವು ಎಂಬುದು ತಮಗೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ.

ಮೊದಲು ಅಭಿನಂದನೆಗಳು. ದೂರದ ನಕ್ಷತ್ರಗಳಿಂದ ಹೊರಡುವ ಈ ಕಿರಣಗಳು ನಮ್ಮ ಗಾಳಿಯನ್ನು ದಾಟಿ ನೆಲಕ್ಕೆ ಇಳಿಯಲಾರವಂತೆ. ಅದಕ್ಕಾಗಿ ತಾವು ಹೈದರಾಬಾದಿನಿಂದ ಮನೆಗಿಂತ ದೊಡ್ಡ ಬಲೂನು ಹಾರಿಸಿ, ಅದರ ಕೆಳಗೆ ಯಂತ್ರದ ಪೆಟ್ಟಿಗೆ ಕಟ್ಟಿ, ಮೋಡಗಳಿಗಿಂತ ಎಷ್ಟೋ ಮೇಲೆ ನಕ್ಷತ್ರದ ಲೆಕ್ಕ ಬರೆಸಿಕೊಂಡು, ಆಮೇಲೆ ಪ್ಯಾರಾಚೂಟಿನಲ್ಲಿ ಇಳಿಸುತ್ತೀರಂತೆ. ಹತ್ತುವುದಕ್ಕೆ ಇಷ್ಟು ಶಾಸ್ತ್ರವಿಟ್ಟು ಇಳಿಯುವುದನ್ನು ಪೂರ್ತಿ ಗಾಳಿಯ ಮರ್ಜಿಗೆ ಬಿಟ್ಟ ತಮ್ಮ ಧೈರ್ಯವನ್ನು ಮೆಚ್ಚಲೇಬೇಕು.

ಕಳೆದ ತಿಂಗಳು ಆ ಪೆಟ್ಟಿಗೆ ಎಲ್ಲವನ್ನೂ ಬಿಟ್ಟು ನನ್ನ ಹೊಲಕ್ಕೂ ಪಕ್ಕದ ಯಲಗೂರಪ್ಪನ ಹೊಲಕ್ಕೂ ನಡುವಿನ ಮೂರು ಗುಂಟೆ ಪಟ್ಟಿಯಲ್ಲಿ ಬಂದು ಕೂತಿತು. ಆ ಪಟ್ಟಿ ನನ್ನದು. ನನ್ನ ಬಾವಿಗೆ ಚಕ್ಕಡಿ ಹೋಗುವ ದಾರಿ ಅದೊಂದೇ. ಯಲಗೂರಪ್ಪ ಹನ್ನೆರಡು ವರ್ಷಗಳಿಂದ ವರ್ಷಕ್ಕೊಂದು ಸಾಲು ಅದರೊಳಗೆ ಸರಿಯುತ್ತ ಬಂದಿದ್ದಾನೆ. ಪೆಟ್ಟಿಗೆ ಬಿದ್ದ ದಿನ ನಾನು ಪೇಟೆಯ ಮನೆಯಲ್ಲಿದ್ದೆ. ತಾವು ಜೀಪಿನಿಂದ ಇಳಿದು ಹೊಲ ಯಾರದೆಂದು ಕೇಳಿದಾಗ ಅವನು ಪೆಟ್ಟಿಗೆಯ ಮೇಲೆ ಕೈಯಿಟ್ಟು, “ನಮ್ಮದ ರೀ ಯಪ್ಪಾ, ಮತ್ತ್ಯಾರದು? ಯಾರ ಹೊಲದಾಗ ಇಳೀಬೇಕಂತ ಪೆಟ್ಟಿಗಿಗೂ ಗೊತ್ತೈತಿ ನೋಡ್ರಿ” ಎಂದನಂತೆ. ತಾವು ನಕ್ಕು, ‘ಯಂತ್ರವು ಯಲಗೂರಪ್ಪನವರ ಹೊಲದಲ್ಲಿ ಸುರಕ್ಷಿತವಾಗಿ ದೊರೆಯಿತು’ ಎಂದು ಬರೆದು, ದುಂಡನೆಯ ಮುದ್ರೆ ಒತ್ತಿ ಕೊಟ್ಟುಬಿಟ್ಟಿರಿ.

ಮುಂಬಯಿಯಿಂದ ಬಂದ ಪರವೂರಿನ ವಿಜ್ಞಾನಿ ಕೊಟ್ಟಿದ್ದರೆ ಕ್ಷಮಿಸುತ್ತಿದ್ದೆ. ದುಂಡು ಮುದ್ರೆಯ ಕಾಗದ ನಮ್ಮ ಕಡೆ ಏನೆಲ್ಲ ಮಾಡಬಲ್ಲದು ಎಂಬುದನ್ನು ತಿಕೋಟಾದಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕೇ? ವಾರದೊಳಗೆ ಅವನು ಅದನ್ನು ಊರಿನ ಜಮೀನಿನ ಲೆಕ್ಕ ಬರೆಯುವ ತಲಾಠಿಯ ಮುಂದಿಟ್ಟು, ಪಟ್ಟಿಯನ್ನು ತನ್ನ ಹೆಸರಿನ ಉತಾರಕ್ಕೆ ಏರಿಸಲು ಅರ್ಜಿ ಕೊಟ್ಟ. ದಾರಿಗೆ ಜಾಲಿಕಂಟಿ ಬಡಿದ. ನನ್ನ ಎತ್ತುಗಳು ಸ್ವಂತ ಬಾವಿಯನ್ನು ಬೇಲಿಯಾಚೆಯಿಂದ ನೋಡುತ್ತ ನಿಂತವು.

ಸಾವಿರಾರು ವರ್ಷ ದಾರಿ ನಡೆದು ಬಂದ ಕಿರಣ ಯಾವ ನಕ್ಷತ್ರದ್ದೆಂದು ಹೇಳಬಲ್ಲ ತಮಗೆ, ಕಾಲ ಕೆಳಗಿನ ಮಣ್ಣು ಯಾರದೆಂದು ತಿಳಿಯದೇ ಹೋದದ್ದು ನನಗೆ ಬಹಳ ಕುತೂಹಲ ತಂದಿದೆ. ಅಲ್ಲಿಯೂ ಪಕ್ಕದ ನಕ್ಷತ್ರವನ್ನು ಕೇಳಿಯೇ ಬರೆದುಕೊಳ್ಳುತ್ತೀರೇನು? ಹಾಗಿಲ್ಲದಿದ್ದರೆ ಎರಡು ಸಣ್ಣ ಉಪಕಾರ ಮಾಡಿರಿ. ತಾವು ಅಳೆಯುವ ನಕ್ಷತ್ರ ಆ ಪಟ್ಟಿಯನ್ನು ನನ್ನ ಅತ್ತೆಯ ಅತ್ತೆಯ ಕಾಲದಿಂದ ಮೇಲಿನಿಂದ ನೋಡುತ್ತಿದೆಯಾದ್ದರಿಂದ, ಅದರ ಹೇಳಿಕೆ ಪಡೆದು ತಲಾಠಿಗೆ ಕಳಿಸಿರಿ. ಮುಂದಿನ ಪೆಟ್ಟಿಗೆಯನ್ನು ಯಲಗೂರಪ್ಪನ ಕಣಜದ ಮೇಲೆ ಇಳಿಸುವಂತೆ ಗಾಳಿಗೆ ಒಂದು ಆದೇಶ ಹೊರಡಿಸಿರಿ. ಅದು ಅವನದೇ ಎಂದು ನಾನು ಸಂತೋಷದಿಂದ ಸಾಕ್ಷಿ ಹೇಳುತ್ತೇನೆ.

ಉತ್ತರಕ್ಕೆ ಕಾಯುವ ಸ್ವಭಾವ ನನ್ನದಲ್ಲ. ತಲಾಠಿಯ ಚಾವಡಿಗೆ ಹೋಗಿ ತಮ್ಮ ಕಾಗದವನ್ನು ಕೊನೆಯವರೆಗೂ ಓದಿದೆ. ಆ ಕೆಲಸ ಅಲ್ಲಿಯವರೆಗೆ ಯಾರೂ ಮಾಡಿರಲಿಲ್ಲ. ಪೆಟ್ಟಿಗೆ ಸಿಕ್ಕ ಜಾಗದ ಅಕ್ಷಾಂಶ, ರೇಖಾಂಶಗಳನ್ನು ತಾವು ಅಡಿಯಲ್ಲಿ ಬರೆದಿದ್ದಿರಿ. ಗೋಡೆಯ ಜಿಲ್ಲಾ ನಕ್ಷೆಯ ಮೇಲೆ ದಾರ ಹಿಡಿದು ನೋಡಿದರೆ ಎರಡು ಗೆರೆಗಳು ಕೂಡಿದ್ದು ಭೂತನಾಳ ಕೆರೆಯ ನಟ್ಟನಡುವೆ. ಪೆಟ್ಟಿಗೆಯ ರೇಡಿಯೊ ಕೊನೆಗೆ ಕೇಳಿಸಿದ ಜಾಗವನ್ನೇ ಬಿದ್ದ ಜಾಗವೆಂದು ಬರೆದಿರಬೇಕು. ಅವಸರದಲ್ಲಿ ಆಗುತ್ತದೆ.

ಆದ್ದರಿಂದ ನನ್ನ ತೀರ್ಮಾನ ಅಲ್ಲಿಯೇ ಆಯಿತು. ಈ ಕಾಗದಕ್ಕೆ ನನ್ನ ತಕರಾರಿಲ್ಲ, ಕಾಗದ ತೋರಿಸುವ ಜಾಗವನ್ನೇ ಯಲಗೂರಪ್ಪನಿಗೆ ಬರೆದುಕೊಡಬೇಕು ಎಂದು ಅರ್ಜಿ ಬರೆದು ಸಹಿ ಹಾಕಿದೆ. ತಲಾಠಿ ಅವನನ್ನು ಕರೆಸಿ, ಚಶ್ಮಾ ತೆಗೆದು, “ಏನಪಾ ಯಲಗೂರಪ್ಪ, ಕೆರಿಯಾಗ ಎಷ್ಟು ಎಕರೆ ಬರಕೊಳ್ಳಲಿ?” ಎಂದ. ಯಲಗೂರಪ್ಪ ತನ್ನ ಅರ್ಜಿಯನ್ನು ವಾಪಸು ಪಡೆದ. ಶುಕ್ರವಾರ ಬೆಳಿಗ್ಗೆ ಜಾಲಿಕಂಟಿ ಕೀಳಿಸಿ, ನಾನೇ ಚಕ್ಕಡಿಯಲ್ಲಿ ಕೂತು ಆ ದಾರಿಯಲ್ಲಿ ಹೋದೆ. ಎತ್ತುಗಳು ಹೊಟ್ಟೆತುಂಬ ನೀರು ಕುಡಿದವು.

ತಮ್ಮ ಮುಂದಿನ ಬಲೂನಿಗೂ ಒಳ್ಳೆಯದನ್ನೇ ಬಯಸುವ,

ತಮ್ಮ ವಿಶ್ವಾಸಿ,
ಬೀಬಿಜಾನ ಕೋಂ ಲಾಡಲೇಸಾಬ ಇನಾಮದಾರ

ತಾ.ಕ.: ತಿದ್ದಿದ ಕಾಗದವನ್ನು ನಾನೇ ಬರೆದು ಇದರೊಡನೆ ಇಟ್ಟಿದ್ದೇನೆ. ಸಹಿ ಮಾಡಿ, ಮುದ್ರೆ ಒತ್ತಿ ಕಳಿಸಿದರೆ ಸಾಕು. ಓದುವ ಶ್ರಮ ಬೇಡ. ಮೊದಲಿನದನ್ನೂ ತಾವು ಓದಿದಂತೆ ಕಾಣುವುದಿಲ್ಲ.