ಪ್ರಥಮ ಬಹುಮಾನವನ್ನು ಹಿಂಪಡೆಯಬೇಕೆಂದು ಕೋರಿ

ಮಾನ್ಯ ವೆಲ್‌ಫೇರ್ ಆಫೀಸರ್ ಶ್ಯಾಮಸುಂದರ ಅವರೇ,

ಪೀಣ್ಯದ ನಮ್ಮ ಕಾರ್ಖಾನೆಯ ಕ್ಷೇಮವನ್ನೇ ಸದಾ ಧ್ಯಾನಿಸುವ ತಮ್ಮ ಪಾದಾರವಿಂದಗಳಿಗೆ ಪ್ರೆಸ್ ವಿಭಾಗದ ಭಾನುಮತಿ ಮಾಡುವ ಅನಂತ ನಮಸ್ಕಾರಗಳು. ತಾವು ಬಹುಮಾನವಾಗಿ ದಯಪಾಲಿಸಿದ ಹಾಟ್‌ಬಾಕ್ಸ್ ತಲುಪಿದೆ. ಚಪಾತಿ ಊಟದ ಹೊತ್ತಿಗೂ ಬಿಸಿಯಾಗಿರುತ್ತದೆ, ದೂರು ಅದರ ಬಗ್ಗೆ ಅಲ್ಲ.

ನಮ್ಮ ವಿಭಾಗದ ಈರಣ್ಣನವರ ಬಲಗೈ ತಗಡು ಒತ್ತುವ ಪ್ರೆಸ್‌ಗೆ ಸಿಕ್ಕಿದ್ದನ್ನು ಪಕ್ಕದಲ್ಲೇ ನಿಂತು ಕಂಡ ಮೇಲೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ, ಬಾಯಿಬಿಟ್ಟು ಹೇಳಲೂ ಆಗುತ್ತಿರಲಿಲ್ಲ. ಆಗ, ಚಿತ್ರ ಬರೆಸಿ ಮನಸ್ಸಿಗೆ ಚಿಕಿತ್ಸೆ ಕೊಡುವ ಸುಕೃತಿ ಮೇಡಂ ಅವರನ್ನು ಬುಧವಾರಗಳಂದು ಕರೆಸಿದ ಪುಣ್ಯ ತಮ್ಮದೇ. ಅವರು ನನ್ನ ಚಿತ್ರ ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ, "ಈ ಕೆಂಪಿನ ಪಕ್ಕ ಯಾರು ನಿಂತಿದ್ದಾರೆ?" ಎಂದಷ್ಟೇ ಕೇಳಿದರು. "ನಾನೇ, ಮೇಡಂ" ಎಂದು ಅತ್ತುಬಿಟ್ಟೆ, ಮನೆಗೆ ಹೋಗಿ ನಿದ್ದೆ ಮಾಡಿದೆ.

ಅಷ್ಟರಲ್ಲಿ ತಾವು, ಆಯುಧಪೂಜೆಗೆ ರಂಗೋಲಿ ಸ್ಪರ್ಧೆ ನಡೆಸಿದ ಹುಮ್ಮಸ್ಸಿನಲ್ಲೇ, ಮೇಡಂ ಬೇಡವೆಂದರೂ ಕೇಳದೆ, ಅವರ ಬೀರುವಿನಲ್ಲಿದ್ದ ನಮ್ಮ ಚಿತ್ರಗಳನ್ನೆಲ್ಲ ಕ್ಯಾಂಟೀನಿನ ಗೋಡೆಗೆ ಅಂಟಿಸಿ, ತೀರ್ಪುಗಾರರನ್ನು ಕರೆಸಿ, ನನ್ನದಕ್ಕೆ 'ಪೀಣ್ಯದಲ್ಲಿ ಸೂರ್ಯೋದಯ' ಎಂದು ನಾಮಕರಣ ಮಾಡಿ ಪ್ರಥಮ ಬಹುಮಾನ ಘೋಷಿಸಿಬಿಟ್ಟಿರಿ. "ಏನ್ ಕಲರ್ ಕಣ್ರೀ, ನೋಡ್ತಿದ್ರೆ ಮನಸ್ಸು ಖುಷಿಯಾಗ್ಬಿಡುತ್ತೆ!" ಎಂದು ತಾವು ಮೈಕಿನಲ್ಲಿ ಹೇಳುವಾಗ, ಈರಣ್ಣನವರ ರಕ್ತದ ಕೆಳಗೆ ನಿಂತು ನಾನು ನಗುನಗುತ್ತ ಫೋಟೋ ತೆಗೆಸಿಕೊಂಡೆ. ಬಹಳ ನಾಚಿಕೆಯಾಯಿತು.

ತಮ್ಮ ಕಲಾಪ್ರೇಮ ಕೂಡಲೇ ಫಲ ಕೊಟ್ಟಿದೆ. ಗಂಡ ತೀರಿಕೊಂಡ ಮೇಲೆ ಬರೀ ಮುಚ್ಚಿದ ಬಾಗಿಲನ್ನೇ ಬರೆಯುತ್ತಿದ್ದ ಪ್ಯಾಕಿಂಗಿನ ಗೌರಮ್ಮನವರು ಈಗ ಜೋಡಿ ನವಿಲು ಬರೆದು ಹಾಟ್‌ಬಾಕ್ಸಿಗೆ ಕಾಯುತ್ತಿದ್ದಾರೆ. ಮೇಡಂ ಏನು ಕೇಳಿದರೂ "ನವಿಲು, ಮೇಡಂ" ಎನ್ನುತ್ತಾರೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಬಹುಮಾನ ಹಿಂಪಡೆದು, ಎಲ್ಲರ ಚಿತ್ರಗಳನ್ನೂ ಮೇಡಂ ಬೀರುವಿಗೆ ಮರಳಿಸಿ, ನಾವು ಚಿತ್ರ ಬರೆಯುವ ಆ ಕೋಣೆಯನ್ನು ಅದರ ಪಾಡಿಗೆ ಬಿಡಬೇಕು. ಬಹುಮಾನ ಕೊಡದೆ ಮನಸ್ಸು ತಡೆಯದಿದ್ದರೆ, ನಮ್ಮ ಡಾಕ್ಟರ ಬಳಿಯ ಎಕ್ಸ್‌ರೇಗಳನ್ನೆಲ್ಲ ಕ್ಯಾಂಟೀನಿನಲ್ಲಿ ಸಾಲಾಗಿ ತೂಗುಹಾಕಿ, ಅತ್ಯಂತ ಸೊಗಸಾಗಿ ಮುರಿದ ಮೂಳೆಗೆ ಕೊಡಬೇಕಾಗಿ ಪ್ರಾರ್ಥನೆ.

ಇಷ್ಟೊಂದು ಗೌರವ ತಾಳಲಾರದ,
ತಮ್ಮ ವಿಶ್ವಾಸಿ,
ಭಾನುಮತಿ

ತಾ.ಕ.: ಈರಣ್ಣನವರೂ ಬರುವ ಬುಧವಾರದಿಂದ ಮೇಡಂ ಬಳಿಗೆ ಬರುತ್ತಾರಂತೆ, ಎಡಗೈಯಲ್ಲಿ ಕುಂಚ ಹಿಡಿಯುವ ಅಭ್ಯಾಸ ನಡೆಸಿದ್ದಾರೆ. ದಯವಿಟ್ಟು ತೀರ್ಪುಗಾರರನ್ನು ಕಳಿಸಬೇಡಿ. ಯಾರನ್ನಾದರೂ ಕಳಿಸಲೇಬೇಕಿದ್ದರೆ ಒಬ್ಬ ಫಿಟ್ಟರನ್ನು ಕಳಿಸಿ. ಆ ಪ್ರೆಸ್‌ಗೆ ಕೈ ಸಿಗದಂತೆ ತಡೆಯುವ ಗಾರ್ಡ್ ಇವತ್ತಿಗೂ ಕೂರಿಸಿಲ್ಲ.